ಹೆಸರಿಡುವ ಹೊತ್ತಿಗೆ ಕಪ್ಪೆಯೇ ಇಲ್ಲ

ಎಕ್ವಡಾರ್‌ಗೆ ಹೊರಟಿದ್ದೀನಿ ಅಂದಾಗ ಎಲ್ಲರೂ ಕೇಳಿದ್ದು ಗಲಾಪಗೋಸ್ ಬಗ್ಗೆ. ನಾನು ಅಲ್ಲಿಗೆ ಹೋಗಲೇ ಇಲ್ಲ. ಖರ್ಚು ವಿಪರೀತ, ಮೇಲಾಗಿ ಆ ದೈತ್ಯ ಆಮೆಗಳ ಫೋಟೋ ನೋಡಿ ನೋಡಿ ಸಾಕಾಗಿದೆ. ರಾಜಧಾನಿ ಕೀಟೊದ ಹಳೇ ಚರ್ಚುಗಳನ್ನು ಸುತ್ತಿದೆ, ಅಷ್ಟೊಂದು ಬಂಗಾರದ ಲೇಪ ಯಾಕೋ ಹಿಡಿಸಲಿಲ್ಲ. ಹಿಡಿಸಿದ್ದು ಲೊಕ್ರೊ. ಆಲೂಗಡ್ಡೆ, ಚೀಸ್ ಹಾಕಿ ಗಟ್ಟಿಯಾಗಿ ಕುದಿಸಿದ ಸೂಪು, ಮೇಲೆ ಬೆಣ್ಣೆಹಣ್ಣಿನ ಹೋಳು. ಆ ಚಳಿಗೆ ಅದೇ ಸರಿ.

ಆದರೆ ನಾನು ಹೇಳಬೇಕಿರೋದು ಕಪ್ಪೆಗಳ ಕತೆ.

ಗೆಳತಿಯೊಬ್ಬಳ ಪರಿಚಯದಿಂದ ಕೀಟೊದಲ್ಲಿ ಒಂದು ಕಪ್ಪೆ ಸಂಗ್ರಹದ ಒಳಕೋಣೆಗೆ ಬಿಟ್ಟರು. ಸಾಲು ಸಾಲು ಗಾಜಿನ ಜಾಡಿ, ಮೂಗಿಗೆ ಅಡರುವ ಸ್ಪಿರಿಟ್ ವಾಸನೆ. ನೋಡಿಕೊಳ್ಳುವ ಮೇಡಂ ಒಂದು ಜಾಡಿಯಿಂದ ಸಣ್ಣ ನೆಲಗಪ್ಪೆಗಳನ್ನು ತೆಗೆದು ತಟ್ಟೆಯಲ್ಲಿ ಜೋಡಿಸಿದರು. ಒಂದೊಂದರ ಕಾಲಿಗೂ ದಾರ, ದಾರಕ್ಕೆ ನಂಬರಿನ ಚೀಟಿ. ಬೆನ್ನು ಕಪ್ಪು, ಹೊಟ್ಟೆ ಬಿಳಿಚಿಕೊಂಡಿತ್ತು. "ಜೀವ ಇದ್ದಾಗ ಈ ಹೊಟ್ಟೆ ಕೆಂಡದ ಬಣ್ಣ. ಸ್ಪಿರಿಟ್‌ನಲ್ಲಿ ನಿಲ್ಲಲ್ಲ" ಅಂದರು.

ಅದು ಅಟೆಲೋಪಸ್ ಇಗ್ನೆಸೆನ್ಸ್. ಊರಿನವರು ಹಂಬಾತೊ ಅಂತಾರೆ. 1849ರಲ್ಲೇ ವಿಜ್ಞಾನದ ಹೆಸರು ಸಿಕ್ಕಿದ್ದ ಪ್ರಾಣಿ, ಕೀಟೊ ಸುತ್ತಿನ ಬೆಟ್ಟಗಳಲ್ಲಿ ಕಾಲಿಗೆ ಸಿಗುವಷ್ಟು ಇತ್ತಂತೆ. 1988ರ ನಂತರ ಒಂದೂ ಕಾಣಲಿಲ್ಲ. ಚರ್ಮಕ್ಕೆ ಹತ್ತುವ ಕೈಟ್ರಿಡ್ ಎಂಬ ಶಿಲೀಂಧ್ರದ ಮೇಲೇ ಎಲ್ಲರಿಗೂ ಅನುಮಾನ ಜಾಸ್ತಿ. ಮುಗಿದೇ ಹೋಯಿತು ಅಂದುಕೊಂಡಿದ್ದಾಗ 2016ರಲ್ಲಿ ಕೊಟೊಪಾಕ್ಸಿ ಪ್ರಾಂತ್ಯದ ಒಂದು ಮೂಲೆಯಲ್ಲಿ ಮತ್ತೆ ಸಿಕ್ಕಿತು.

ಹೊಸ ಪ್ರಭೇದ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಮೂತಿಯಿಂದ ಹಿಂಭಾಗದವರೆಗಿನ ಉದ್ದ ಅಳೀತಾರೆ, ಕಿವಿತಮಟೆ ಇದೆಯಾ ಇಲ್ಲವಾ ನೋಡ್ತಾರೆ, ಬೆರಳ ನಡುವಿನ ಪೊರೆ, ಪಕ್ಕೆಯ ಗುಳ್ಳೆ, ಸಿಕ್ಕರೆ ಡಿಎನ್‌ಎ. ಆಮೇಲೆ ಒಂದನ್ನು ಮೂಲ ಮಾದರಿ ಅಂತ ಆರಿಸಿ ಇಡ್ತಾರೆ, ಮುಂದೆ ಯಾರಿಗೆ ಅನುಮಾನ ಬಂದರೂ ಅದನ್ನೇ ತೆಗೆದು ಹೋಲಿಸಬೇಕು. ಈ ಹಂಬಾತೊಗೆ ಹಾಗೆ ಹೊಸದಾಗಿ ಮಾದರಿ ಗೊತ್ತುಮಾಡಿದ್ದು 2000ದಲ್ಲಿ. ಅದೇ ಕೆಲಸದಲ್ಲಿ ದಕ್ಷಿಣದ ಒಂದು ಪುಟ್ಟ ಕಪ್ಪೆ, ಅಟೆಲೋಪಸ್ ಎಕ್ಸಿಗುವಸ್, ಬೇರೆಯೇ ಪ್ರಭೇದ ಅಂತ ಲೆಕ್ಕಕ್ಕೆ ಬಂತು.

2010ರಲ್ಲಿ ಕೊಲಂಬಿಯ, ಎಕ್ವಡಾರ್, ಪೆರುವಿನ ಬೆಟ್ಟಗಳಿಂದ ಇದೇ ಗುಂಪಿನ ಐದು ಹೊಸ ಪ್ರಭೇದಗಳನ್ನು ಒಟ್ಟಿಗೆ ಪ್ರಕಟಿಸಿದರು. ಲೇಖನದ ಶೀರ್ಷಿಕೆಯಲ್ಲೇ "ಅಳಿದಿವೆಯೇ?" ಅಂತ ಒಂದು ಪ್ರಶ್ನೆಚಿಹ್ನೆ! ನನಗೆ ಒಂಥರಾ ಆಯಿತು. ಬದುಕಿದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ನಾಮಕರಣ ಯಾಕೆ ಮೇಡಂ ಅಂದುಬಿಟ್ಟೆ.

ಅವರಿಗೆ ಬೇಜಾರಾಗಲಿಲ್ಲ. "ಹೆಸರಿಲ್ಲದಿದ್ದರೆ ಅಪಾಯದ ಪಟ್ಟಿಗೆ ಯಾವುದನ್ನ ಸೇರಿಸ್ತೀರಿ? ಹುಡುಕೋಕೆ ದುಡ್ಡು ಯಾರು ಕೊಡ್ತಾರೆ?" ಅಂದರು. ಆಮೇಲೆ, ನಿಮ್ಮ ಕಡೆ ಏನಿದೆ ಅಂತ ಕೇಳಿದರು. ಉತ್ತರ ಕನ್ನಡದ ಕುಂಬಾರ ಕಪ್ಪೆ ಬಗ್ಗೆ ಹೇಳಿದೆ. 2014ರಲ್ಲಿ ವಿವರಿಸಿದ ಪ್ರಭೇದ, ಗಂಡು ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತೆ. "ಗಂಡೇ?" ಅಂತ ಮತ್ತೆ ಕೇಳಿ, ನಕ್ಕು, ಒಂದು ಚೀಟಿಯಲ್ಲಿ ಬರೆದುಕೊಂಡರು. ಹೀಗೇ ಮಾತಾಡುತ್ತ ಮಧ್ಯಾಹ್ನದ ಊಟ ತಪ್ಪಿತು.

ಜೀವ ಇರೋದನ್ನೂ ನೋಡಬೇಕಲ್ವಾ? ಕೀಟೊದ ಪೂರ್ವಕ್ಕಿರುವ ಬೆಟ್ಟದೂರು ಪಾಪಲ್ಯಾಕ್ತಕ್ಕೆ ಹೋದೆ. ದಾರಿಯಲ್ಲಿ ದಾಟುವ ಘಟ್ಟ 4,000 ಮೀಟರಿಗೂ ಮೇಲೆ, ತಲೆನೋವು ಗ್ಯಾರಂಟಿ. "ರಾತ್ರಿ ನಡಿಗೆ" ಅಂತ ಪೂರ್ತಿ ಹಣ ಮುಂಗಡ ಪಡೆದಿದ್ದ ಟೂರಿನವನು ಸಂಜೆ ಐದಕ್ಕೇ ಮಂಜು ಅಂತ ವಾಪಸ್ ಹೊರಟ! ಈಗಲೂ ಉರಿಯುತ್ತೆ. ಹೋಗುವವರು ನಡಿಗೆ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯುತ್ತೆ ಅಂತ ಬರೆಸಿಕೊಳ್ಳಿ, ಅರ್ಧ ಹಣ ಕೈಯಲ್ಲೇ ಇಟ್ಟುಕೊಳ್ಳಿ. ಬೂಟು ತೊಳೆದು ಒಣಗಿಸಿಯೇ ಹೋಗಿ, ಆ ಶಿಲೀಂಧ್ರ ಕೆಸರಿನ ಜೊತೆಗೂ ಹೋಗುತ್ತೆ.

ಕೊನೆಗೆ ಉಳಿದುಕೊಂಡಿದ್ದ ಮನೆಯ ಯಜಮಾನರೇ ಟಾರ್ಚ್ ಹಿಡಿದು ಕರೆದುಕೊಂಡು ಹೋದರು. ತೊಟ್ಟಿಕ್ಕುವ ಹುಲ್ಲಿನ ಬುಡದಲ್ಲಿ ಒಂದು ಗುಂಡು ದೇಹ, ಮೈತುಂಬ ಗುಳ್ಳೆ. ಓಸೋರ್ನೊಫ್ರೈನೆ ಅನ್ನೋ ನೆಲಗಪ್ಪೆ! ಜಿಗಿಯಲೇ ಇಲ್ಲ, ಒಂದೊಂದೇ ಕಾಲೆತ್ತಿ ನಿಧಾನಕ್ಕೆ ನಡೆಯಿತು. ಮೊಂಡು ಬೆರಳು, ದಪ್ಪ ಚರ್ಮ ಸೇರಿಕೊಂಡು ಉಲ್ಲನ್ ಕೈಗವುಸು ತೊಟ್ಟ ಹಾಗಿತ್ತು.

ಫೋಟೋ ಮೇಡಂಗೆ ಕಳಿಸಿದೆ. 1987ರಲ್ಲಿ ವಿವರಿಸಿದ ಆಂಟಿಸಾನಾ ಪ್ರಭೇದ ಇರಬೇಕು ಅಂತ ಉತ್ತರ ಬಂತು. ಕೆಳಗೇ ಇನ್ನೊಂದು ಸಾಲು: "ಫೋಟೋ ನೋಡಿ ಹೆಸರು ಹೇಳೋದು ನನಗೆ ಇಷ್ಟ ಇಲ್ಲ. ಎಲ್ಲೂ ಬರೀಬೇಡಿ."