ಪುಡಿಯಿಂದ ಮಾಡಿದ ಲೋಹ ಗಟ್ಟಿ ಇರುತ್ತಾ?

ಲೋಹದ ತ್ರೀಡಿ ಪ್ರಿಂಟಿಂಗ್ ನನ್ನ ಕೆಲಸ ಎಂದ ಕೂಡಲೇ ಬರುವ ಪ್ರಶ್ನೆ ಇದು: "ಪುಡಿಯಿಂದ ಮಾಡಿದ್ದಲ್ವಾ, ಗಟ್ಟಿ ಇರುತ್ತಾ?" ಪುಡಿಯನ್ನು ಅಂಟಿಸುತ್ತೇವೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಾವು ಪೂರ್ತಿ ಕರಗಿಸುತ್ತೇವೆ. 30ರಿಂದ 60 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪಕ್ಕೆ ಪುಡಿ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್ ಹಾಯಿಸಿ, ಮತ್ತೆ ಪುಡಿ, ಮತ್ತೆ ಲೇಸರ್. ಹೊಸ ಪದರ ಕರಗುವಾಗ ಕೆಳಗಿನದೂ ಸ್ವಲ್ಪ ಕರಗಿ ಎರಡೂ ಬೆಸೆಯುತ್ತವೆ.

ಎಳೆದು ನೋಡುವ ಪರೀಕ್ಷೆಯಲ್ಲಿ ಇದು ಸೋಲುವುದು ಅಪರೂಪ. 316ಎಲ್ ಸ್ಟೇನ್‌ಲೆಸ್ ಸ್ಟೀಲ್ ತೆಗೆದುಕೊಳ್ಳಿ. ಅನೀಲ್ ಮಾಡಿದ, ಅಂದರೆ ಕಾಯಿಸಿ ಮೆತ್ತಗಾಗಿಸಿದ, ಮಾಮೂಲಿ ಪ್ಲೇಟು 200ರಿಂದ 300 ಮೆಗಾಪ್ಯಾಸ್ಕಲ್ ಒತ್ತಡದಲ್ಲೇ ಶಾಶ್ವತವಾಗಿ ಹಿಗ್ಗತೊಡಗುತ್ತದೆ. ಚೆನ್ನಾಗಿ ಪ್ರಿಂಟ್ ಆದದ್ದು ಸಾಮಾನ್ಯವಾಗಿ 450 ದಾಟುತ್ತದೆ. ಕರಗಿದ ಲೋಹ ಸೆಕೆಂಡಿಗೆ ಲಕ್ಷಾಂತರ ಡಿಗ್ರಿ ವೇಗದಲ್ಲಿ ತಣಿಯುವುದರಿಂದ ಒಳಗೆ ಮೈಕ್ರಾನಿಗಿಂತ ಸಣ್ಣ ಕೋಶಗಳು ಹೆಣೆದುಕೊಂಡಿರುತ್ತವೆ, ಅವು ಲೋಹವನ್ನು ಸುಲಭಕ್ಕೆ ಜರುಗಲು ಬಿಡುವುದಿಲ್ಲ. ಅದೇ ವೇಗ ಒಳಒತ್ತಡವನ್ನೂ ತುಂಬುತ್ತದೆ. ಶಾಖ ಕೊಟ್ಟು ಅದನ್ನು ಇಳಿಸುವ ಮೊದಲೇ ಭಾಗವನ್ನು ಅದು ಬೆಳೆದು ನಿಂತ ಬೇಸ್ ಪ್ಲೇಟಿನಿಂದ ಕತ್ತರಿಸಿದರೆ ಕಣ್ಣೆದುರೇ ಬಾಗುತ್ತದೆ.

ನನ್ನ ನಿಜವಾದ ಚಿಂತೆ ಬೇರೆ: ಆಯಾಸ, ಅಂದರೆ ಫಟೀಗ್. ಸಣ್ಣ ಭಾರವೇ ಲಕ್ಷ ಸಲ ಬಂದು ಹೋದರೆ ಏನಾಗುತ್ತದೆ?

ಹಾಗೆ ಮುರಿದ ಒಂದು ಟೈಟಾನಿಯಂ ತುಂಡಿನ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿರುಕು ಬೆಳೆದ ಗೆರೆಗಳೆಲ್ಲ ಬೀಸಣಿಗೆಯಂತೆ ಹರಡಿದ್ದವು. ಅವನ್ನು ಹಿಂದಕ್ಕೆ ಹಿಂಬಾಲಿಸಿದರೆ ಮೇಲ್ಮೈಗೆ ಹತ್ತಿರದಲ್ಲೇ ಒಂದು ಚಪ್ಪಟೆ ಸಂದು, ಅದರೊಳಗೆ ಕರಗದೇ ಉಳಿದ ಪುಡಿಯ ದುಂಡನೆ ಕಾಳುಗಳು. ಎರಡು ಪದರ ಆ ಒಂದು ಜಾಗದಲ್ಲಿ ಬೆಸೆದಿರಲಿಲ್ಲ. ಇಂಥ ಸಂದು ಪದರದ ಜೊತೆಗೇ ಅಡ್ಡಡ್ಡ ಮಲಗಿರುತ್ತದೆ. ಹಾಗಾಗಿ ಭಾಗ ಬೆಳೆದ ದಿಕ್ಕಿನಲ್ಲೇ ಎಳೆದರೆ ಬಾಯಿ ಬಿಡುತ್ತದೆ, ಅಡ್ಡಕ್ಕೆ ಎಳೆದರೆ ಅಷ್ಟು ಕಾಟ ಕೊಡುವುದಿಲ್ಲ. ಒಂದೇ ಮೆಷಿನ್, ಒಂದೇ ಪುಡಿ. ನಿಲ್ಲಿಸಿ ಪ್ರಿಂಟ್ ಮಾಡಿದ್ದಕ್ಕೂ ಮಲಗಿಸಿ ಮಾಡಿದ್ದಕ್ಕೂ ಆಯುಸ್ಸು ಬೇರೆ ಬೇರೆ.

ಒಳಗಿನ ಸಂದುಗಳಿಗೆ ಹಿಪ್ (ಹಾಟ್ ಐಸೊಸ್ಟ್ಯಾಟಿಕ್ ಪ್ರೆಸಿಂಗ್, ಬಿಸಿಯಲ್ಲಿ ಎಲ್ಲ ಕಡೆಯಿಂದ ಒತ್ತುವುದು) ಎನ್ನುವ ಉಪಚಾರವಿದೆ. ಈ ಟೈಟಾನಿಯಂ ಮಿಶ್ರಲೋಹವನ್ನಾದರೆ ಸುಮಾರು 920 ಡಿಗ್ರಿ ಸೆಲ್ಸಿಯಸ್‌ನಲ್ಲಿ, ವಾತಾವರಣದ ಸಾವಿರ ಪಟ್ಟು ಒತ್ತಡದ ಆರ್ಗಾನ್ ಅನಿಲದಲ್ಲಿ ಎರಡು ಗಂಟೆ ಇಡುತ್ತಾರೆ. ಸಂದುಗಳು ಹಿಂಡಿ ಮುಚ್ಚಿಕೊಳ್ಳುತ್ತವೆ. ಮೇಲ್ಮೈಗೆ ಬಾಯಿ ತೆರೆದವು ಮಾತ್ರ ಮುಚ್ಚುವುದಿಲ್ಲ, ಅನಿಲ ಒಳಗೇ ನುಗ್ಗಿಬಿಡುತ್ತದೆ. ಇನ್ನು ಪ್ರಿಂಟ್ ಆದ ಒರಟು ಮೈಯ ಪ್ರತಿ ತಗ್ಗೂ ಬಿರುಕಿಗೆ ಸಿದ್ಧ ಜಾಗ. ಮೆಷಿನಿಂಗ್ ಮಾಡದೆ ಹಾಗೇ ಬಿಟ್ಟರೆ ತಾಳಿಕೊಳ್ಳುವ ಆವರ್ತಕ, ಅಂದರೆ ಮತ್ತೆ ಮತ್ತೆ ಬಂದು ಹೋಗುವ, ಭಾರ ಅರ್ಧಕ್ಕೂ ಕೆಳಗಿಳಿಯುವುದುಂಟು. ಬೇಸರದ ವಿಷಯವೆಂದರೆ, ಪ್ರಿಂಟಿಂಗ್‌ನಿಂದ ಮಾತ್ರ ಸಾಧ್ಯವಾಗುವ ಸುತ್ತಿಬಳಸಿದ ಒಳಕಾಲುವೆಗಳಿಗೇ ಕಟ್ಟರ್ ತಲುಪುವುದಿಲ್ಲ.

ಆದ್ದರಿಂದ "ಗಟ್ಟಿ ಇರುತ್ತಾ" ಎಂದು ಕೇಳಿದವರನ್ನು ನಾನು ತಿರುಗಿ ಕೇಳುತ್ತೇನೆ: ಭಾರ ಎಷ್ಟು ಸಲ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಅದು ಜಾಸ್ತಿ ಬೀಳುವ ಜಾಗದ ಮೈಯನ್ನು ನುಣುಪು ಮಾಡಲು ಆಗುತ್ತದೆಯೇ? ಇಷ್ಟು ತಿಳಿದರೆ ಭಾಗವನ್ನು ಪ್ಲೇಟಿನ ಮೇಲೆ ಹೇಗೆ ನಿಲ್ಲಿಸಬೇಕೆಂದು ತೀರ್ಮಾನಿಸಬಹುದು. ಪಕ್ಕದಲ್ಲೇ ಪರೀಕ್ಷೆಯ ಕಡ್ಡಿಗಳನ್ನೂ ಅದೇ ದಿಕ್ಕಿನಲ್ಲಿ ಬೆಳೆಸಿ, ಮೊದಲು ಅವನ್ನು ಮುರಿದು ನೋಡುತ್ತೇನೆ.