ಎಣ್ಣೆ ಕಡಿಮೆಯಾಯಿತೆಂದು ತಿಳಿದಿದ್ದೆ

ಕಳೆದ ಡಿಸೆಂಬರಿನ ಒಂದು ಭಾನುವಾರ ಧಾರವಾಡದ ನಮ್ಮ ಓಣಿಯ ಕ್ಷೌರದಂಗಡಿಯಲ್ಲಿ ಕುಳಿತಿದ್ದಾಗ, ಕೊರಳಿಗೆ ಸುತ್ತಿದ್ದ ಕಪ್ಪು ಬಟ್ಟೆಯ ಮೇಲೆ ಕೂದಲಿಗಿಂತ ಹೊಟ್ಟೇ ಹೆಚ್ಚಾಗಿ ಉದುರಿದ್ದನ್ನು ಕನ್ನಡಿಯಲ್ಲಿ ಕಂಡು ನನಗೆ ನಾಚಿಕೆಯಾಯಿತು. ಕ್ಷೌರಿಕ ಏನೂ ಅನ್ನಲಿಲ್ಲ. ನಾನು ಏಳುವ ಮೊದಲೇ ಬಾಚಣಿಗೆಯನ್ನು ಎರಡು ಸಲ ತೊಳೆದ. ತಲೆಹೊಟ್ಟು ಅಂಟುರೋಗವಲ್ಲವೆಂಬುದು ಆಗ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಅವ್ವನ ತೀರ್ಮಾನ ಮೊದಲೇ ಆಗಿತ್ತು: ಚಳಿಗೆ ತಲೆ ಒಣಗಿದೆ, ಎಣ್ಣೆ ಸಾಲದು. ಆ ಮಾತಿನಂತೆ ಎರಡು ತಿಂಗಳಿಂದ ರಾತ್ರಿ ಬಿಸಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದೆ. ಒಮ್ಮೆ ಲಿಂಬೆರಸ ಹಚ್ಚಿ, ಕೆರೆದು ಹಸಿಯಾಗಿದ್ದ ಜಾಗವೆಲ್ಲ ಉರಿದು, ನಡುರಾತ್ರಿ ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತದ್ದೂ ಉಂಟು. ಎಣ್ಣೆ ಹಚ್ಚಿದ ದಿನ ಹೊಟ್ಟು ಬುಡಕ್ಕೇ ಅಂಟಿಕೊಂಡು ಕಾಣದಾಗುತ್ತಿತ್ತು; ಅದನ್ನೇ ನಾವು ಗುಣವೆಂದು ನಂಬಿದ್ದೆವು.

ಮರುದಿನ ಚರ್ಮವೈದ್ಯೆಯ ಬಳಿ ಹೋದೆ. ಅವರು ತಲೆಗಿಂತ ಮೊದಲು ಹುಬ್ಬಿನ ಸಂದು, ಮೂಗಿನ ಪಕ್ಕ ಮತ್ತು ಕಿವಿಯ ಹಿಂಭಾಗವನ್ನು ನೋಡಿದರು. ಅಲ್ಲೆಲ್ಲ ಚರ್ಮ ಕೆಂಪಾಗಿ, ಜಿಡ್ಡುಜಿಡ್ಡಾದ ಹಳದಿ ಹೊಪ್ಪಳೆ ಎದ್ದಿತ್ತು. ಬೆಳ್ಳಿಯಂಥ ದಪ್ಪ ಹೊಪ್ಪಳೆ ಕೂದಲಿನ ಅಂಚನ್ನು ದಾಟಿ ಹಣೆಗೆ ಬಂದಿದ್ದರೆ ಸೋರಿಯಾಸಿಸ್ ಎಂಬ ಬೇರೆ ಚರ್ಮರೋಗ ಇರಬಹುದೆಂದು ಅನುಮಾನಿಸುತ್ತಿದ್ದೆ, ನಿಮ್ಮದು ಅದಲ್ಲ ಎಂದರು. ಮಲಸೇಜಿಯಾ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ, ಚರ್ಮದ ಜಿಡ್ಡನ್ನು ತಿಂದು ಬದುಕುತ್ತದೆ. ಅದು ಜಿಡ್ಡನ್ನು ಒಡೆದಾಗ ಉಳಿಯುವ ಆಮ್ಲ ಕೆಲವರ ಚರ್ಮಕ್ಕೆ ಒಗ್ಗದೆ, ಅಲ್ಲಿನ ಜೀವಕೋಶಗಳು ಅವಧಿಗೆ ಮುಂಚೆ ಬಲಿತು ಗುಂಪುಗುಂಪಾಗಿ ಉದುರುತ್ತವೆ ಎಂದು ವಿವರಿಸಿದ ಮೇಲೆ, ಎಣ್ಣೆ ಹಚ್ಚುತ್ತೀರಾ ಎಂದು ಕೇಳಿದರು. ಉತ್ತರಿಸುವಾಗ ನನ್ನ ದನಿ ತಗ್ಗಿತ್ತು. ಎರಡು ತಿಂಗಳು ನಾನು ಅದಕ್ಕೆ ಊಟ ಬಡಿಸಿದ್ದೆ.

ಶಿಲೀಂಧ್ರವನ್ನು ತಡೆಯುವ ಕೀಟೊಕೊನಜೋಲ್ ಎಂಬ ಔಷಧಿ ಶೇಕಡಾ 2ರಷ್ಟಿರುವ ಶಾಂಪೂವನ್ನು ವಾರಕ್ಕೆ 2 ಸಲದಂತೆ 4 ವಾರ ಬಳಸಲು ಬರೆದುಕೊಟ್ಟರು. ನೊರೆ 5 ನಿಮಿಷ ತಲೆಯ ಮೇಲಿರಬೇಕು ಎಂಬುದೊಂದೇ ಷರತ್ತು. ಬಚ್ಚಲಿನಲ್ಲಿ, ಜನವರಿಯ ಚಳಿಯಲ್ಲಿ, ಮೈಮೇಲೆ ನೀರಿಲ್ಲದೆ ಕಣ್ಣು ಮುಚ್ಚಿ ಕುಳಿತವನಿಗೆ 5 ನಿಮಿಷ ಎಷ್ಟು ದೀರ್ಘವೆಂಬುದು ಆಗ ತಿಳಿಯಿತು. ಉಗುರಿನಿಂದ ಕೆರೆಯದೆ, ಬೆರಳ ತುದಿಯಿಂದ ಕೂದಲನ್ನಲ್ಲ, ಬುಡದ ಚರ್ಮವನ್ನು ತಿಕ್ಕಬೇಕಿತ್ತು. ಹಿಂದೆ ಅಂಗಡಿಯ ಹೊಟ್ಟುನಿವಾರಕ ಶಾಂಪೂ ಹಚ್ಚಿದಾಗ ಅರ್ಧ ನಿಮಿಷದಲ್ಲಿ ನೀರು ಸುರಿದುಕೊಂಡು, ಇದರಿಂದ ಏನೂ ಆಗದೆಂದು ಬೈದದ್ದು ನೆನಪಾಗಿ ನಗು ಬಂತು. ಎರಡನೆಯ ವಾರಕ್ಕೆ ತುರಿಕೆ ನಿಂತಿತು. ನಾಲ್ಕನೆಯ ವಾರಕ್ಕೆ ಕಪ್ಪು ಸ್ವೆಟರ್ ಹಾಕಿದೆ.

ಇದು ಬುಡಸಮೇತ ಹೋಗುವಂಥದ್ದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವಂಥದ್ದು ಎಂದು ವೈದ್ಯೆ ಹೇಳಿದ್ದರು. ಫೆಬ್ರವರಿಯಲ್ಲಿ ಕೆಲಸದ ಒತ್ತಡ ಮತ್ತು ನಿದ್ದೆಗೇಡಿನಲ್ಲಿ ಶಾಂಪೂ ಮರೆತಾಗ ಹೊಟ್ಟು ಮರಳಿ ಬಂತು; ಈಗ ವಾರಕ್ಕೊಮ್ಮೆ ತಪ್ಪಿಸುವುದಿಲ್ಲ.

ಯುಗಾದಿಯ ಬೆಳಿಗ್ಗೆ ಅವ್ವ ಎಣ್ಣೆಯ ಬಟ್ಟಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಅವಳೇ ಬೆರಳದ್ದಿ ನೆತ್ತಿಗೆ ಮೂರು ಬೊಟ್ಟು ಮುಟ್ಟಿಸಿ, ಉಳಿದ ಎಣ್ಣೆಯನ್ನೆಲ್ಲ ನನ್ನ ಬೆನ್ನಿಗೆ ತಿಕ್ಕಿದಳು.