ಥೈರಾಯ್ಡ್ ಗುಳಿಗೆ, ಪಲ್ಸ್ ಗುಳಿಗೆ, ಮಧ್ಯೆ ನಾನು

ಹೋದ ಬೇಸಿಗೇಲಿ ಕುಂದವಾಡ ಕೆರೆ ಏರಿ ಮೇಲೆ ಒಂದು ರೌಂಡ್ ಹೊಡೆದು ಕಲ್ಲುಬೆಂಚಿನ ಮೇಲೆ ಕೂತಿದ್ದೆ, ಮಗಳು ಕೊಡಿಸಿದ ವಾಚ್ ಟುಂಯ್ ಅಂತು. ನೋಡಿದ್ರೆ ಎದೆಬಡಿತ 112. ಏದುಸಿರು ಇನ್ನೂ ಇಳಿದಿಲ್ಲ ಅಂದ್ಕೊಂಡು ಹತ್ತು ನಿಮಿಷ ಸುಮ್ನೆ ಬಾತುಕೋಳಿ ನೋಡ್ತಾ ಕೂತೆ, ಆಮೇಲೆ ನೋಡಿದ್ರೆ 109. ಮೂರು ರೂಪಾಯಿ ಬೆಲೆಗೆ ಸಿಗೋ ವಾಚ್ ಇದ್ದಂಗೈತೆ ಅಂತ ಅದನ್ನೇ ಬೈಕೊಂಡು ಮನೆಗೆ ಬಂದೆ. ವಾಚ್ ತಪ್ಪು ಹೇಳಿರ್ಲಿಲ್ಲ.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ನಂಗೆ ಥೈರಾಯ್ಡ್ ಕಮ್ಮಿ ಇರೋದು ಒಂಬತ್ತು ವರ್ಷದಿಂದ. ಬೆಳಿಗ್ಗೆ ಎದ್ದು ಗುಳಿಗೆ ನುಂಗೋದು, ಅದೇ ಕೈಲಿ ಕಾಫಿ ಲೋಟ ಹಿಡಿಯೋದು, ತಿಂಡಿ ಆದ್ಮೇಲೆ ಮೊಣಕಾಲಿಗೆ ಅಂತ ಕೊಟ್ಟಿದ್ದ ಕ್ಯಾಲ್ಸಿಯಂ, ಒಂಬತ್ತು ವರ್ಷ ಇದೇ ಪೂಜೆ. ಥೈರಾಯ್ಡ್ ಹಾರ್ಮೋನ್ ಕಮ್ಮಿ ಆದಷ್ಟೂ ರಕ್ತಪರೀಕ್ಷೇಲಿ ಏರೋ ಟಿಎಸ್‌ಎಚ್ ಮಾತ್ರ ಇಳಿಯಲೊಲ್ಲದು. ಗುಳಿಗೆ 50 ಮೈಕ್ರೋಗ್ರಾಮ್ ಇದ್ದಿದ್ದು 75 ಆಯ್ತು, 100 ಆಯ್ತು, ಕೊನೆಗೆ 125. ಆಮೇಲೆ ನಮ್ಮ ನಾದಿನಿ ಒಂದಿನ ಮನೆಗೆ ಬಂದವಳು ನಾನು ಕಾಫಿ ಕುಡಿಯೋದು ನೋಡಿ ಹಣೆ ಚಚ್ಕೊಂಡ್ಳು. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗ್ಬೇಕು, ಅರ್ಧ ಮುಕ್ಕಾಲು ಗಂಟೆ ಏನೂ ಬಾಯಿಗೆ ಹಾಕಂಗಿಲ್ಲ, ಕ್ಯಾಲ್ಸಿಯಂ ಐರನ್ ಗುಳಿಗೆ ನಾಲ್ಕು ಗಂಟೆ ದೂರ ಇಡ್ಬೇಕು, ಇಲ್ಲಾಂದ್ರೆ ಔಷಧಿ ಹೊಟ್ಟೇಲೇ ಅಂಟ್ಕೊಂಡು ಹಂಗೇ ಹೊರಗೆ ಹೋಗ್ತದೆ ಅಂದ್ಳು.

ನಾನು ಶಿಸ್ತು ಅಂದ್ರೆ ಶಿಸ್ತು. ಅವತ್ತಿಂದ ಗಡಿಯಾರ ನೋಡ್ಕೊಂಡೇ ನುಂಗಿದೆ. ಎಲ್ಲರೂ ಶಹಬ್ಬಾಸ್ ಅಂದ್ರು. ಆದ್ರೆ ಅರ್ಧಂಬರ್ಧ ಒಳಗೆ ಹೋಗ್ತಿದ್ದ ಕಾಲಕ್ಕೆ ಲೆಕ್ಕ ಹಾಕಿ ಏರಿಸಿದ್ದ 125 ಈಗ ಪೂರ್ತಿ ಒಳಗೆ ಹೋಗಾಕೆ ಶುರು ಆಗೈತೆ, ಡೋಸ್ ಇಳಿಸ್ಬೇಕು ಅನ್ನೋದು ಯಾರ ತಲೆಗೂ ಹೊಳೀಲಿಲ್ಲ, ನನ್ನ ತಲೆಗಂತೂ ಮೊದ್ಲೇ ಇಲ್ಲ.

ಮೂರು ತಿಂಗಳಿಗೆ ಎದೆ ಡಬಡಬ. ಪಕ್ಕದ ಏರಿಯಾದಲ್ಲಿ ಒಬ್ರು ಡಾಕ್ಟ್ರ ಹತ್ರ ಹೋದೆ, ಇಸಿಜಿ ತೆಗೆದ್ರು, ಬಡಿತ ಜೋರು ಬಿಟ್ರೆ ಏನಿಲ್ಲ, ಟೆನ್ಷನ್ ಇರ್ಬೇಕು ಅಂತ ಬಡಿತ ಇಳಿಸೋ ಗುಳಿಗೆ ಮೆಟೊಪ್ರೊಲಾಲ್ 50 ಬರೆದುಕೊಟ್ರು. ಬೇರೆ ಏನಾದ್ರೂ ಗುಳಿಗೆ ತಗೊಂತೀರಾ ಅಂತ ಕೇಳಿದ್ದು ನಿಜ. ನಾನು ಇಲ್ಲ ಅಂದೆ. ಯಾಕಂದ್ರೆ ಒಂಬತ್ತು ವರ್ಷ ತಗೊಂಡ ಮೇಲೆ ಅದು ಗುಳಿಗೆ ಅಂತ ಅನ್ಸೋದೇ ಇಲ್ಲ ನೋಡ್ರಿ, ಹಲ್ಲುಜ್ಜಿದಂಗೆ ಅದೂ ಒಂದು.

ಮೆಟೊಪ್ರೊಲಾಲ್ ಕೆಲಸ ಮಾಡ್ತು. ವಾಚಲ್ಲಿ 80, ಕೈ ನಡುಕ ನಿಂತೋಯ್ತು, ಎದೆ ಶಾಂತ. ಆದ್ರೆ ತೂಕ ಇಳೀತಾನೇ ಹೋಯ್ತು, ರಾತ್ರಿ ಎರಡಕ್ಕೆ ಎಚ್ಚರ ಆಗಿ ಫ್ಯಾನ್ ನೋಡ್ಕೊಂಡು ಮಲಗೋದು, ದಾವಣಗೆರೆ ಬಿಸಿಲು ಎಲ್ಲರಿಗೂ ಒಂದಾದ್ರೆ ನಂಗೆ ಎರಡು. ಮೆನೋಪಾಸ್ ಅಂದ್ರು ಗೆಳತೇರು, ತೂಕ ಇಳಿದಿದ್ದಕ್ಕೆ ಹೊಟ್ಟೆಕಿಚ್ಚೂ ಪಟ್ರು. ಆಮೇಲೆ ಗೊತ್ತಾಯ್ತು, ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದಾಗ ಬರೋ ನಡುಕ, ಡಬಡಬ ಇವನ್ನ ಈ ಬೀಟಾ ಬ್ಲಾಕರ್ ಅನ್ನೋ ಜಾತಿ ಗುಳಿಗೆಗಳು ಮುಚ್ಚಿಡ್ತಾವೆ, ಹಾರ್ಮೋನ್ ಮಾತ್ರ ಇದ್ದಷ್ಟೇ ಇರ್ತದೆ. ಕಳ್ಳ ಮನೆಯೊಳಗೇ ಇದ್ದ, ನಾವು ಬೊಗಳೋ ನಾಯಿ ಬಾಯಿ ಕಟ್ಟಿದ್ವಿ.

ವರ್ಷದ ರಕ್ತಪರೀಕ್ಷೆಗೆ ಹೋದಾಗ ಟಿಎಸ್‌ಎಚ್ 0.05 ಬಂತು. 0.4ರಿಂದ 4ರ ಆಸುಪಾಸು ಇರ್ಬೇಕಾದ್ದು. ನಮ್ಮನೆಯವ್ರು ರಿಪೋರ್ಟ್ ನೋಡಿ ಅಯ್ಯೋ ಕಮ್ಮಿ ಆಗೈತಲ್ಲ, ಡೋಸ್ ಏರಿಸ್ತಾರೇನೋ ಅಂದ್ರು. ಉಲ್ಟಾ ಅದು. ಟಿಎಸ್‌ಎಚ್ ಅಂದ್ರೆ ಮಂಡಿಪೇಟೆ ಅಂಗಡಿಯೋರು ಕಳ್ಸೋ ಆರ್ಡರ್ ಇದ್ದಂಗೆ, ಗೋಡೌನ್ ತುಂಬಿ ತುಳುಕ್ತಿದ್ರೆ ಯಾರು ಆರ್ಡರ್ ಕಳಿಸ್ತಾರೆ? ಥೈರಾಯ್ಡ್ ಡಾಕ್ಟ್ರು ಎರಡೂ ಗುಳಿಗೆ ಮೇಜಿನ ಮೇಲೆ ಇಡಿಸಿ, ಅದನ್ನೂ ನನ್ನನ್ನೂ ನೋಡಿ, ಯಾವಾಗಿಂದ ಅಂದ್ರು. ಹಿಂಗೇ ಬಿಟ್ಟಿದ್ರೆ ಬಡಿತದ ತಾಳ ತಪ್ಪೋ ಏಟ್ರಿಯಲ್ ಫಿಬ್ರಿಲೇಷನ್ ಬರೋ ಚಾನ್ಸ್ ಇತ್ತು, ಮೂಳೆನೂ ಸವೀತಿತ್ತು ಅಂದ್ರು. ಮೂಳೆಗೆ ಅಂತ ಕ್ಯಾಲ್ಸಿಯಂ ತಿನ್ನೋಳು ನಾನು!

ಥೈರಾಕ್ಸಿನ್, ಅಂದ್ರೆ ಆ ಥೈರಾಯ್ಡ್ ಗುಳಿಗೆ, 75ಕ್ಕೆ ಇಳಿಸಿದ್ರು. ಕಥೆ ಮುಗೀತು ಅಂದ್ಕೊಂಡೆ.

ಈ ಹಾರ್ಮೋನ್ ರಕ್ತದಲ್ಲಿ ಅರ್ಧಕ್ಕಿಳಿಯಾಕೇ ಒಂದು ವಾರ ಬೇಕಂತೆ, ಅದಕ್ಕೇ ಡೋಸ್ ಬದಲಾದ ಮೇಲೆ ಆರೆಂಟು ವಾರ ಬಿಟ್ಟೇ ಮತ್ತೆ ಟೆಸ್ಟ್ ಮಾಡಿಸೋದು. ಐದನೇ ವಾರ ಅನ್ಸುತ್ತೆ, ಒಂದು ಬೆಳಿಗ್ಗೆ ದೇವರ ಮನೇಲಿ ಬಗ್ಗಿ ರಂಗೋಲಿ ಎಳೀತಿದ್ದೆ, ಎದ್ದಾಗ ಕಣ್ಣು ಕತ್ಲಾಗಿ ಬಾಗಿಲು ಹಿಡ್ಕೊಂಡು ನಿಂತೆ, ರಂಗೋಲಿ ಡಬ್ಬಿ ಉರುಳಿ ಬಿತ್ತು. ವಾಚಲ್ಲಿ 48. ಮೆಟೊಪ್ರೊಲಾಲ್ ಅದೇ 50, ನಾನು ಒಂದು ಚೂರೂ ಜಾಸ್ತಿ ತಗೊಂಡಿಲ್ಲ. ಆದ್ರೆ ಥೈರಾಯ್ಡ್ ಏರಿದ್ದಾಗ ಲಿವರ್ ಈ ಗುಳಿಗೇನ ಬೇಗ ಬೇಗ ಕರಗಿಸಿ ಕಳಿಸ್ತಿತ್ತಂತೆ, ಈಗ ನಾರ್ಮಲ್‌ಗೆ ಬಂದ ಮೇಲೆ ಅದು ಒಳಗೇ ಜಾಸ್ತಿ ಹೊತ್ತು ಉಳೀತದೆ, ಮೇಲಿಂದ ಎದೇನ ಓಡಿಸ್ತಿದ್ದ ಹಾರ್ಮೋನೂ ಇಳಿದೈತೆ, ಅಂದ್ರೆ ಗಾಡಿ ನಿಧಾನ ಆದ್ರೂ ಬ್ರೇಕ್ ಮಾತ್ರ ಅಷ್ಟೇ ಗಟ್ಟಿಯಾಗಿ ಒತ್ಕೊಂಡಂಗೆ.

ಹೆದ್ರಿಕೊಂಡು ಯಾರ್ನೂ ಕೇಳ್ದೆ ಮೆಟೊಪ್ರೊಲಾಲ್ ನಿಲ್ಲಿಸಿಬಿಟ್ಟೆ. ಇದು ನನ್ನ ಎರಡನೇ ಜಾಣತನ. ಮೂರನೇ ದಿನ ಅಡುಗೆಮನೇಲಿ ನಿಂತಲ್ಲೇ ಎದೆ ಕಿತ್ಕೊಂಡು ಹೋಗೋ ಹಂಗೆ ಬಡ್ಕೊಂತು. ಡಾಕ್ಟ್ರು ಫೋನಲ್ಲೇ ಬೈದ್ರು, ತಿಂಗಳುಗಟ್ಲೆ ತಡೆದಿಟ್ಟ ಎದೆ ಒಮ್ಮೆಲೇ ಕೈ ಬಿಟ್ರೆ ಇನ್ನೂ ಜೋರಾಗಿ ಎಗರ್ತದೆ, ಹಾರ್ಟಿನ ರಕ್ತನಾಳ ಬ್ಲಾಕ್ ಆಗಿರೋರಿಗಾದ್ರೆ ಅಟ್ಯಾಕೇ ಆಗಬಹುದು ಅಂತ. 25ಕ್ಕೆ ಇಳಿಸಿ ಎರಡು ವಾರ, ಆಮೇಲೆ ಅರ್ಧ ಗುಳಿಗೆ ಒಂದು ವಾರ, ಹಂಗೆ ಬಿಡಿಸಿದ್ರು.

ಈಗ 75ರಲ್ಲೇ ಇದೀನಿ, ಕಾಫಿ ಏಳು ಗಂಟೆಗೆ, ಕ್ಯಾಲ್ಸಿಯಂ ಮಧ್ಯಾಹ್ನ ಊಟಕ್ಕೆ, ಬೆಂಚಿನ ಮೇಲೆ ಕೂತ್ರೆ 74. ಪರ್ಸಲ್ಲಿ ಒಂದು ಚೀಟಿ, ನಾನು ತಗೊಳೋ ಎಲ್ಲಾ ಗುಳಿಗೆ ಹೆಸ್ರು ಬರೆದಿಟ್ಟಿದೀನಿ.

ವಾಕಿಂಗ್ ಗುಂಪಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರಿದಾರೆ, ಅವ್ರಿಗೂ ಬಡಿತದ ತೊಂದ್ರೆ. ಮೊನ್ನೆ ಮಿರ್ಚಿ ಮಂಡಕ್ಕಿ ತಿಂತಾ ಜೇಬಿಂದ ಸ್ಟ್ರಿಪ್ ತೆಗೆದು ತೋರಿಸಿದ್ರು, ಬಡಿತದ ತಾಳ ಸರಿ ಮಾಡೋ ಅಮಿಯೋಡರೋನ್ 200. ಆ ಒಂದು ಗುಳಿಗೇಲಿ 75 ಮಿಲಿಗ್ರಾಮ್ ಹತ್ರ ಅಯೋಡಿನ್ ಇರ್ತದೆ, ದೊಡ್ಡೋರಿಗೆ ದಿನಕ್ಕೆ ಬೇಕಾಗಿರೋದು 150 ಮೈಕ್ರೋಗ್ರಾಮ್, ಅಂದ್ರೆ ಐನೂರು ಪಟ್ಟು. ಥೈರಾಯ್ಡನ್ನ ಏರಿಸಾಕೂ ಸೈ ಇಳಿಸಾಕೂ ಸೈ ಅದು, ಅದಕ್ಕೇ ಆರು ತಿಂಗಳಿಗೊಮ್ಮೆ ಟಿಎಸ್‌ಎಚ್ ನೋಡ್ತಾರೆ. ಸರ್ ಥೈರಾಯ್ಡ್ ಟೆಸ್ಟ್ ಯಾವಾಗ ಮಾಡಿಸಿದ್ರಿ ಅಂದೆ. ನಂದು ಹಾರ್ಟು ಕಣಮ್ಮ, ಥೈರಾಯ್ಡ್ ಹೆಂಗಸರ ಕಾಯಿಲೆ ಅಲ್ವಾ ಅಂದು ಇನ್ನೊಂದು ಮಿರ್ಚಿ ಮುರಿದ್ರು. ಅವ್ರ ಸೊಸೆ ನಂಬರ್ ಇಸ್ಕೊಂಡು ಬಂದೀನಿ.